ಏರ್ ಫ್ರೈಯರ್‌ನಲ್ಲಿ ಸ್ಟೌಟ್ ಚಾಕೊಲೇಟ್ ಕೇಕ್: ತಪ್ಪು ಎಲ್ಲಾಯಿತು ಎಂದು ಹುಡುಕುವ ಬಗೆ

ಕೇಕ್ ಕೈಕೊಟ್ಟಿತು ಎಂದು ಗೊತ್ತಾದ ತಕ್ಷಣ ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ಪೂರ್ತಿ ಆರಲು ಬಿಡಿ. ಆಮೇಲೆ ಉದ್ದನೆಯ ಚಾಕುವಿನಿಂದ ನಟ್ಟನಡುವೆ ಎರಡು ಹೋಳು ಮಾಡಿ, ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ಮೇಲಿನಿಂದ ತಳದವರೆಗೆ ನಿಧಾನವಾಗಿ ನೋಡಿ. ತಪ್ಪು ಎಲ್ಲಾಗಿದೆ ಎಂಬುದು ಅಲ್ಲೇ ಕಾಣುತ್ತದೆ.

ನನ್ನ ಮೊದಲ ಮೂರು ಕೇಕ್‌ಗಳನ್ನು ನಾನು ಹೀಗೆ ನೋಡಲೇ ಇಲ್ಲ. ಪ್ರತಿ ಸಲವೂ ಅಳತೆ ಬದಲಿಸಿದೆ. ಒಮ್ಮೆ ಸೋಡಾ ಹೆಚ್ಚು, ಒಮ್ಮೆ ಮೊಟ್ಟೆ ಹೆಚ್ಚು, ಒಮ್ಮೆ ಸ್ಟೌಟ್ (ಹುರಿದ ಬಾರ್ಲಿಯ ಕಪ್ಪು ಬಿಯರ್) ಕಡಿಮೆ. ನಾಲ್ಕನೆಯದನ್ನು ಸೀಳಿದಾಗ ಕಂಡದ್ದು ಇದು: ಮೇಲೆ ಗಟ್ಟಿಯಾದ ಕಪ್ಪು ಹೊರಪದರ, ಅದರ ಕೆಳಗೆ ಒಂದು ಬೆರಳಿನಷ್ಟು ದಪ್ಪಕ್ಕೆ ಒಣಗಿ ಉದುರುವ ಕೇಕ್, ಅದಕ್ಕೂ ಕೆಳಗೆ ಹೊಳೆಯುವ ಹಸಿ ಹಿಟ್ಟು, ತಳದಲ್ಲಿ ರಬ್ಬರಿನಂಥ ಪದರ. ಹಸಿ ಭಾಗ ಕೇಕ್‌ನ ಸರಿಮಧ್ಯದಲ್ಲಿ ಇರಲಿಲ್ಲ, ಮಧ್ಯಕ್ಕಿಂತ ಕೆಳಗಿತ್ತು. ಬಿಸಿ ಎಲ್ಲ ಕಡೆಯಿಂದ ಬಂದಿದ್ದರೆ ಹಸಿ ಉಳಿಯುವುದು ನಡುವಿನಲ್ಲಿ. ಕೆಳಗೆ ಉಳಿದಿದೆ ಎಂದರೆ ಬಿಸಿ ಹೆಚ್ಚಾಗಿ ಮೇಲಿನಿಂದಲೇ ಇಳಿದಿದೆ. ಮೂರು ಸಲ ನಾನು ತಿದ್ದಿದ ಅಳತೆಯಲ್ಲಿ ದೋಷವೇ ಇರಲಿಲ್ಲ.

ಈ ಕೇಕ್‌ನ ಬಹುಪಾಲು ತೊಂದರೆಗಳಿಗೆ ಮೂಲ ಎರಡೇ. ಏರ್ ಫ್ರೈಯರ್‌ನಲ್ಲಿ ಬಿಸಿ ಬರುವುದು ಮೇಲಿನಿಂದ ಬೀಸುವ ಗಾಳಿಯಾಗಿ. ಇನ್ನು ಸ್ಟೌಟ್ ಎಂದರೆ ನೀರು, ಗ್ಯಾಸ್, ಹುಳಿ, ಕಹಿ ನಾಲ್ಕೂ ಸೇರಿದ ದ್ರವ, ಅದನ್ನು ಹಾಲಿನಂತೆ ಅಳೆದು ಸುರಿದರೆ ಲೆಕ್ಕ ತಪ್ಪುತ್ತದೆ. ಮುಂದೆ ಬರುವ ಪ್ರತಿ ದೋಷದಲ್ಲೂ ಮೊದಲು ಈ ಎರಡರಲ್ಲಿ ಯಾವುದು ಎಂದು ಕೇಳಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಕೇಕ್ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಹೋಲಿಸಿ ನೋಡಲು ಒಂದು ಅಳತೆ

ದೋಷ ಹುಡುಕಬೇಕಾದರೆ ಸರಿಯಾದದ್ದು ಯಾವುದು ಎಂಬುದು ಎದುರಿಗಿರಬೇಕು. ನಾನು ಬಳಸುವುದು 15 ಸೆಂ.ಮೀ. ಅಗಲದ, 7 ಸೆಂ.ಮೀ. ಎತ್ತರದ ಅಲ್ಯುಮಿನಿಯಂ ಟಿನ್. ಅದಕ್ಕೆ ಸ್ಟೌಟ್ 100 ಗ್ರಾಂ, ಬೆಣ್ಣೆ 90 ಗ್ರಾಂ, ಕೊಕೊ ಪುಡಿ 30 ಗ್ರಾಂ, ಸಕ್ಕರೆ 140 ಗ್ರಾಂ, ಗಟ್ಟಿ ಮೊಸರು 60 ಗ್ರಾಂ, ಮೊಟ್ಟೆ 1, ಮೈದಾ 110 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಚಿಟಿಕೆ ಉಪ್ಪು. ಹಿಟ್ಟು ಟಿನ್‌ನ ಅರ್ಧದಷ್ಟೂ ಬರುವುದಿಲ್ಲ, ಬರಲೂ ಬಾರದು.

ಸ್ಟೌಟ್, ಬೆಣ್ಣೆ ಎರಡನ್ನೂ ಸಣ್ಣ ಉರಿಯಲ್ಲಿ ಇಡಿ, ಬೆಣ್ಣೆ ಕರಗಿದ ಕೂಡಲೇ ಇಳಿಸಿ. ಕುದಿಸಬೇಡಿ. ಬಿಸಿ ಇರುವಾಗಲೇ ಕೊಕೊ, ಸಕ್ಕರೆ ಹಾಕಿ ಗಂಟಿಲ್ಲದಂತೆ ಕಲಸಿ. ಬಿಸಿ ದ್ರವದಲ್ಲಿ ನೆನೆದಾಗಲೇ ಕೊಕೊದ ಪರಿಮಳ ಬಿಟ್ಟುಕೊಳ್ಳುತ್ತದೆ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಷ್ಟು ಆರಿದ ಮೇಲೆ ಮೊಟ್ಟೆ ಮತ್ತು ಮೊಸರು ಸೇರಿಸಿ. ಮೊಟ್ಟೆಯ ಬಿಳಿ ಭಾಗ 60 ಡಿಗ್ರಿ ದಾಟಿದರೆ ಗಟ್ಟಿಯಾಗಲು ಶುರುವಾಗುತ್ತದೆ, ಹಾಗಾಗಿ ಇಲ್ಲಿ ಆತುರ ಬೇಡ. ಕೊನೆಗೆ ಜರಡಿ ಹಿಡಿದ ಮೈದಾ, ಸೋಡಾ, ಪೌಡರ್, ಉಪ್ಪು. ಒಣಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ.

ಏರ್ ಫ್ರೈಯರ್ 150 ಡಿಗ್ರಿಯಲ್ಲಿ 5 ನಿಮಿಷ ಮೊದಲೇ ಕಾಯಲಿ. ಟಿನ್‌ನ ಬಾಯಿಗೆ ಫಾಯಿಲ್ ಕಟ್ಟಿ 25 ನಿಮಿಷ, ಫಾಯಿಲ್ ತೆಗೆದು ಮತ್ತೆ 10ರಿಂದ 15 ನಿಮಿಷ. ಯಂತ್ರದಿಂದ ಯಂತ್ರಕ್ಕೆ ಇದು ಸ್ವಲ್ಪ ಹಿಂದೆಮುಂದೆ ಆಗುತ್ತದೆ.

ಮೇಲೆ ಸುಟ್ಟಿದೆ, ಒಳಗೆ ಹಸಿ ಇದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಇದು.

ಏರ್ ಫ್ರೈಯರ್‌ನ ಮುಚ್ಚಳದ ಒಳಗೆ ಕಾಯಿಲ್, ಅದರ ಮೇಲೆ ಫ್ಯಾನ್. ಫ್ಯಾನ್ ಬಿಸಿ ಗಾಳಿಯನ್ನು ಬುಟ್ಟಿಯ ಸುತ್ತ ತಿರುಗಿಸುತ್ತದೆ. ಬುಟ್ಟಿಯಲ್ಲಿ ಬಿಡಿ ತುಂಡುಗಳಿದ್ದರೆ ಗಾಳಿ ಅವುಗಳ ನಡುವೆ ನುಸುಳಿ ಎಲ್ಲ ಕಡೆಯಿಂದ ಬೇಯಿಸುತ್ತದೆ. ಕೇಕ್ ಟಿನ್ ಇಟ್ಟರೆ ಗಾಳಿ ನೇರವಾಗಿ ತಾಗುವುದು ಹಿಟ್ಟಿನ ಮೇಲ್ಮೈಗೆ ಮಾತ್ರ. ಬದಿಗೂ ತಳಕ್ಕೂ ಬಿಸಿ ಮುಟ್ಟಬೇಕಾದರೆ ಟಿನ್ ಮತ್ತು ಬುಟ್ಟಿಯ ಗೋಡೆಯ ನಡುವೆ ದಾರಿ ಬೇಕು. ಬುಟ್ಟಿಗೆ ಸರಿಯಾಗಿ ಕೂರುವಂಥ ಟಿನ್ ಕೊಂಡವರ ಕೇಕ್ ಮೇಲೆ ಕರಿಕಾಗಿ ಕೆಳಗೆ ಹಸಿಯಾಗಿಯೇ ಇರುತ್ತದೆ, ಏಕೆಂದರೆ ಗಾಳಿಯ ದಾರಿಯನ್ನು ಟಿನ್ನೇ ಮುಚ್ಚಿದೆ. ಸುತ್ತಲೂ ಕನಿಷ್ಠ ಒಂದು ಬೆರಳು ಜಾಗ ಬಿಡಿ. ಕಾಯಿಲ್‌ಗೂ ಟಿನ್‌ನ ಅಂಚಿಗೂ ನಡುವೆ ಇನ್ನೂ ಹೆಚ್ಚು ಇರಲಿ, ಕೇಕ್ ಉಬ್ಬಿದಾಗ ಆ ಅಂತರ ಕಡಿಮೆಯಾಗುತ್ತದೆ.

ಚಾಕೊಲೇಟ್ ಕೇಕ್‌ಗೆ ಇನ್ನೊಂದು ಕಷ್ಟ ಇದೆ. ಬೇರೆ ಕೇಕ್ ಹೊಂಬಣ್ಣಕ್ಕೆ ತಿರುಗಿದ್ದನ್ನು ಕಣ್ಣಲ್ಲೇ ಕಂಡು ನಿಲ್ಲಿಸಬಹುದು. ಇದು ಹಸಿ ಹಿಟ್ಟಾಗಿರುವಾಗಲೇ ಕಪ್ಪು, ಸುಟ್ಟರೂ ಕಪ್ಪು. ಇಲ್ಲಿ ಮೂಗನ್ನು ನಂಬಬೇಕು. ಬೇಯುತ್ತಿರುವ ಕೊಕೊದ ಸಿಹಿ ಘಮ ಹರಿತವಾಗಿ, ಸುಟ್ಟ ಕಾಫಿಯ ವಾಸನೆಯತ್ತ ವಾಲಿತು ಎಂದರೆ ಮೇಲ್ಪದರ ಕೆಡುತ್ತಿದೆ. ನೋಡಲು ಕಾಯಬೇಡಿ, ಕೂಡಲೇ ಫಾಯಿಲ್ ಮುಚ್ಚಿ.

ತಿದ್ದುವ ಕ್ರಮ ಹೀಗಿರಲಿ. ಮೊದಲು ಉಷ್ಣತೆ ಇಳಿಸಿ. ಸಾಮಾನ್ಯ ಓವನ್‌ಗೆ ಬರೆದ ಪಾಕವಿಧಾನ 170 ಅಥವಾ 180 ಎಂದಿದ್ದರೆ ಏರ್ ಫ್ರೈಯರ್‌ನಲ್ಲಿ ಅದಕ್ಕಿಂತ 20 ಡಿಗ್ರಿ ಕೆಳಗೆ ಶುರು ಮಾಡಿ. ಅದಾದ ಮೇಲೂ ಮೇಲ್ಭಾಗ ಗಟ್ಟಿಯಾದರೆ ಫಾಯಿಲ್‌ನ ಸಮಯ ಹೆಚ್ಚಿಸಿ. ಹಲವರು ಮೇಲೆ ಕಪ್ಪಾದ ನಂತರ ಫಾಯಿಲ್ ಹಾಕುತ್ತಾರೆ. ನಾನು ಮೊದಲಿನಿಂದಲೇ ಹಾಕಿ ಎನ್ನುತ್ತೇನೆ. ಮೇಲ್ಪದರ ಬೇಗ ಗಟ್ಟಿಯಾದರೆ ಒಳಗಿನ ಹಿಟ್ಟಿಗೆ ಮೇಲೇಳಲು ಜಾಗವೇ ಇರುವುದಿಲ್ಲ. ಫಾಯಿಲ್‌ನ ಅಡಿಯಲ್ಲಿ ಹಬೆ ನಿಂತು ಮೇಲ್ಮೈ ಮೆತ್ತಗೆ ಉಳಿದಾಗ ಕೇಕ್ ಸಾವಕಾಶವಾಗಿ, ಮಟ್ಟಸವಾಗಿ ಏಳುತ್ತದೆ. ಕಟ್ಟುವಾಗ ಫಾಯಿಲ್ ಗುಮ್ಮಟದಂತೆ ಸ್ವಲ್ಪ ಎತ್ತರವಾಗಿರಲಿ, ಇಲ್ಲದಿದ್ದರೆ ಕೇಕ್ ಉಬ್ಬಿ ಅದಕ್ಕೇ ಅಂಟುತ್ತದೆ. ಅಂಚನ್ನು ಟಿನ್‌ನ ಕಂಠದ ಕೆಳಗೆ ಮಡಚಿ ಬಿಗಿಯಾಗಿ ಒತ್ತಿ. ಸಡಿಲವಾದ ಫಾಯಿಲ್ ಗಾಳಿಗೆ ಹಾರಿ ಕಾಯಿಲ್‌ಗೆ ತಾಗಿದರೆ ಅಪಾಯ. ಟಿನ್‌ನಿಂದ ಹೊರಗೆ ಚಾಚಿದ ಬಟರ್ ಪೇಪರ್‌ಗೂ ಇದೇ ಮಾತು: ಅದು ಮೇಲೆದ್ದು ಕಾಯಿಲ್ ಮುಟ್ಟಿದರೆ ಹೊತ್ತಿಕೊಳ್ಳಬಹುದು. ಪೇಪರನ್ನು ಟಿನ್‌ನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಖಾಲಿ ಯಂತ್ರ ಕಾಯಿಸುವಾಗ ಪೇಪರ್ ಒಳಗಿಡಬೇಡಿ.

ಟೂತ್‌ಪಿಕ್ ಸುಳ್ಳು ಹೇಳುವುದು ಹೇಗೆ

ಒಂದು ದಿನ ತಂಗಿ ಫೋನ್ ಮಾಡಿದಳು. "ಅಕ್ಕಾ, ಕಡ್ಡಿ ಚುಚ್ಚಿ ನೋಡ್ದೆ, ಒಣಗೇ ಬಂತು. ಕತ್ತರಿಸಿದ್ರೆ ಒಳಗೆ ಪೂರ್ತಿ ಹಸಿ."

"ಎಲ್ಲಿ ಚುಚ್ಚಿದ್ದೆ?"

"ಬಿರುಕು ಬಿಟ್ಟಿತ್ತಲ್ಲ, ಅಲ್ಲೇ. ಮತ್ತೆ ತೂತು ಮಾಡೋದು ಬೇಡ ಅಂತ."

"ಎಷ್ಟು ಆಳ ಹೋಯ್ತು?"

ಸ್ವಲ್ಪ ಹೊತ್ತು ಮಾತಿಲ್ಲ. "ಅರ್ಧ ಹೋಗಿರ್ಬಹುದು, ಅಷ್ಟೇ."

ಅವಳ ತಪ್ಪೇನೂ ಇಲ್ಲ, ಎಲ್ಲರೂ ಮಾಡುವುದು ಅದನ್ನೇ. ಬಿರುಕಿನೊಳಗೆ ಬಿಸಿ ಗಾಳಿ ಮೊದಲೇ ಹೊಕ್ಕು ಅಲ್ಲಿನ ಹಿಟ್ಟನ್ನು ಒಣಗಿಸಿರುತ್ತದೆ. ಏರ್ ಫ್ರೈಯರ್ ಕೇಕ್‌ನ ಹಸಿ ಭಾಗ ಇರುವುದು ಅರ್ಧಕ್ಕಿಂತ ಕೆಳಗೆ. ಗಿಡ್ಡ ಟೂತ್‌ಪಿಕ್ ಅಲ್ಲಿಗೆ ತಲುಪುವುದೇ ಇಲ್ಲ. ಉದ್ದನೆಯ ಬಿದಿರಿನ ಕಡ್ಡಿ ತೆಗೆದುಕೊಂಡು, ಬಿರುಕಿಲ್ಲದ ಕಡೆ, ನಡುವಿನಲ್ಲಿ, ತಳ ಮುಟ್ಟುವವರೆಗೆ ಚುಚ್ಚಿ. ಹೊರಗೆಳೆದಾಗ ಕಡ್ಡಿಯ ತುದಿಯ ಎರಡು ಸೆಂ.ಮೀ. ಭಾಗವನ್ನು ನೋಡಿ. ತೇವವಾದ ಪುಟ್ಟ ಪುಡಿ ಅಂಟಿದ್ದರೆ ಬೆಂದಿದೆ. ಹೊಳೆಯುವ ಲೇಪ ಅಂಟಿದ್ದರೆ ಬೆಂದಿಲ್ಲ. ಕಡ್ಡಿ ಪೂರ್ತಿ ಒಣಗಿ ಬರುವವರೆಗೆ ಕಾದರೆ ಈ ಕೇಕ್ ಒಣಗಿಬಿಟ್ಟಿರುತ್ತದೆ.

ಅಡುಗೆ ಥರ್ಮಾಮೀಟರ್ ಇದ್ದರೆ ಊಹೆಯೇ ಬೇಡ. ನಡುವಿನ ಕೆಳಭಾಗ 96ರಿಂದ 98 ಡಿಗ್ರಿ ತಲುಪಿದರೆ ಕೇಕ್ ಆಗಿದೆ. 90ರಲ್ಲಿ ತೆಗೆದದ್ದು ಹೊರಗೆ ಚೆನ್ನಾಗಿ ಕಂಡರೂ ಆರುತ್ತಾ ಕುಸಿಯುತ್ತದೆ. ಸಕ್ಕರೆ ಹೆಚ್ಚಿರುವ ಹಿಟ್ಟಿನಲ್ಲಿ ಪಿಷ್ಟ ಗಟ್ಟಿಯಾಗುವುದು ತಡ.

ನಡುವೆ ಕುಸಿದಿದೆ

ಇಲ್ಲಿ ಯಾವಾಗ ಕುಸಿಯಿತು ಎಂಬುದೇ ಮುಖ್ಯ ಸುಳಿವು. ಒಳಗಿರುವಾಗಲೇ ಕುಸಿದರೆ ಒಂದು ಕಾರಣ, ಹೊರಗೆ ತೆಗೆದ ಮೇಲೆ ಕುಸಿದರೆ ಇನ್ನೊಂದು.

ಹೊರಗೆ ತೆಗೆದ ಮೇಲೆ ಕುಸಿದಿದ್ದರೆ ಹೆಚ್ಚಿನ ಸಲ ಕೇಕ್ ಬೆಂದಿಲ್ಲ, ಅಷ್ಟೇ. ಸೀಳಿ ನೋಡಿದರೆ ಕುಸಿದ ಜಾಗದ ಕೆಳಗೆ ಹಸಿ ಹಿಟ್ಟೋ, ಅಂಟಂಟಾದ ಗೆರೆಯೋ ಸಿಗುತ್ತದೆ. ಮುಂದಿನ ಸಲ ಅದೇ ಉಷ್ಣತೆಯಲ್ಲಿ 5ರಿಂದ 8 ನಿಮಿಷ ಹೆಚ್ಚು ಇಡಿ. ಉಷ್ಣತೆ ಏರಿಸಬೇಡಿ, ಏರಿಸಿದರೆ ಹಿಂದೆ ಹೇಳಿದ ಸುಟ್ಟ ಮೇಲ್ಪದರಕ್ಕೆ ಮರಳುತ್ತೀರಿ.

ಒಳಗಿರುವಾಗಲೇ ಎದ್ದು ಬಿದ್ದಿದ್ದರೆ ಗ್ಯಾಸ್ ಹೆಚ್ಚಾಗಿದೆ. ಸೀಳಿದ ಮುಖದಲ್ಲಿ ದೊಡ್ಡ ದೊಡ್ಡ ತೂತುಗಳಿರುತ್ತವೆ, ನಡುವಿನ ಭಾಗ ಒರಟು ಸ್ಪಂಜಿನಂತೆ ಇರುತ್ತದೆ. ಸೋಡಾ ಕೊಡುವ ಗುಳ್ಳೆಗಳನ್ನು ಹಿಡಿದಿಡುವಷ್ಟು ಗೋಡೆ ಗಟ್ಟಿಯಾಗುವ ಮೊದಲೇ ಗುಳ್ಳೆ ಒಂದಕ್ಕೊಂದು ಸೇರಿ ಒಡೆದಿವೆ. ಸೋಡಾವನ್ನು ಚಮಚದ ಮೇಲೆ ರಾಶಿಯಾಗಿ ಅಳೆದಿರಾ, ಚಾಕುವಿನಿಂದ ಮಟ್ಟ ಮಾಡಿದಿರಾ ಎಂದು ನೆನಪಿಸಿಕೊಳ್ಳಿ. ಇಷ್ಟು ಚಿಕ್ಕ ಕೇಕ್‌ಗೆ ಕಾಲು ಚಮಚದ ವ್ಯತ್ಯಾಸವೂ ದೊಡ್ಡದು.

ಇನ್ನು ಸ್ಟೌಟ್‌ನ ಗ್ಯಾಸ್. ಬಾಟಲಿಯಿಂದ ಸುರಿದ ಕೂಡಲೇ ಅಳತೆ ಲೋಟದಲ್ಲಿ 100 ಎಂಬ ಗೆರೆಗೆ ಬಂದದ್ದರಲ್ಲಿ ಎಷ್ಟೋ ಭಾಗ ನೊರೆ. ನೈಟ್ರೋಜನ್ ತುಂಬಿದ ಡಬ್ಬಿಯ ಸ್ಟೌಟ್ ಆದರೆ ನೊರೆಯ ಗುಳ್ಳೆ ಬಹಳ ಸಣ್ಣದು, ಕೆನೆಯಂತೆ ನಿಂತೇ ಇರುತ್ತದೆ. ನೊರೆಯನ್ನೇ ಅಳೆದರೆ ನಿಜವಾದ ದ್ರವ ಕಡಿಮೆಯಾಗಿ ಹಿಟ್ಟು ಗಟ್ಟಿಯಾಗುತ್ತದೆ. ಅದಕ್ಕೇ ಮೇಲೆ ಸ್ಟೌಟನ್ನು ಮಿಲಿಲೀಟರ್‌ನಲ್ಲಿ ಹೇಳದೆ ಗ್ರಾಂನಲ್ಲಿ ಹೇಳಿದ್ದು. ತಕ್ಕಡಿಗೆ ನೊರೆಯ ಮೋಸ ನಡೆಯುವುದಿಲ್ಲ. ಒಂದು ಅಗಲ ಪಾತ್ರೆಗೆ ಸುರಿದು ಅರ್ಧ ಗಂಟೆ ಬಿಟ್ಟು, ಆಮೇಲೆ ತೂಗಿದರೆ ಇನ್ನೂ ಒಳ್ಳೆಯದು. ತಣ್ಣನೆಯ ಬಾಟಲಿಯಿಂದ ತೆಗೆದು ನೇರ ಒಲೆಗಿಟ್ಟರೆ ಬೆಣ್ಣೆಯ ಜೊತೆ ಉಕ್ಕಿ ಚೆಲ್ಲುತ್ತದೆ, ಆಗಲೂ ಅಳತೆ ತಪ್ಪುತ್ತದೆ.

"ಗ್ಯಾಸ್ ಇದ್ದರೆ ಕೇಕ್ ಹಗುರವಾಗುತ್ತದಲ್ಲ?" ಎಂದು ಕೇಳುವವರಿದ್ದಾರೆ. ಬಿಸಿ ಮಾಡುವಾಗಲೇ ಬಹುಪಾಲು ಹಾರಿಹೋಗುತ್ತದೆ. ಕೇಕ್ ಎಬ್ಬಿಸುವುದು ಸೋಡಾ, ಬೇಕಿಂಗ್ ಪೌಡರ್ ಮತ್ತು ಹಬೆ. ಸ್ಟೌಟ್‌ನ ಕೆಲಸ ರುಚಿ, ತೇವ, ಸ್ವಲ್ಪ ಹುಳಿ.

ಕುಸಿತಕ್ಕೆ ಇನ್ನೊಂದು ಕಾರಣ, ಮಧ್ಯೆ ಬುಟ್ಟಿ ಎಳೆದು ನೋಡುವ ಅಭ್ಯಾಸ. ಓವನ್‌ನ ಬಾಗಿಲು ತೆರೆದರೆ ಒಳಗಿನ ಒಂದಷ್ಟು ಬಿಸಿ ಹೋಗುತ್ತದೆ. ಏರ್ ಫ್ರೈಯರ್‌ನ ಬುಟ್ಟಿ ಎಳೆದರೆ ಕೇಕ್ ಪೂರ್ತಿಯಾಗಿ ಹೊರಗೆ ಬರುತ್ತದೆ, ಜೊತೆಗೆ ಅಲುಗುತ್ತದೆ. ಮೊದಲ 25 ನಿಮಿಷ ಮುಟ್ಟಬೇಡಿ. ಫಾಯಿಲ್ ತೆಗೆಯಲು ಎಳೆಯುವಾಗಲೂ ಮೆಲ್ಲಗೆ ಎಳೆದು, ಮೆಲ್ಲಗೆ ತಳ್ಳಿ.

ಉಬ್ಬಲೇ ಇಲ್ಲ, ಕಲ್ಲಿನಂತೆ ಕೂತಿದೆ

ಇದು ಕುಸಿದದ್ದಕ್ಕಿಂತ ಬೇರೆ ದೋಷ. ಸೀಳಿದ ಮುಖ ಮೇಲಿನಿಂದ ಕೆಳಗಿನವರೆಗೆ ಒಂದೇ ರೀತಿ ಒತ್ತಾಗಿರುತ್ತದೆ. ಸೋಡಾ ಕೆಲಸ ಮಾಡಿಲ್ಲ, ಅಥವಾ ಮಾಡಬೇಕಾದ ಹೊತ್ತಿಗೆ ಮೊದಲೇ ಮಾಡಿ ಮುಗಿಸಿದೆ.

ಸೋಡಾಕ್ಕೆ ಹುಳಿ ಸಿಕ್ಕಿದ ಕ್ಷಣವೇ ಗ್ಯಾಸ್ ಬರಲು ಶುರು. ಈ ಹಿಟ್ಟಿನಲ್ಲಿ ಹುಳಿ ಮೊಸರಿನಲ್ಲಿದೆ, ಸ್ಟೌಟ್‌ನಲ್ಲಿದೆ, ಸಾದಾ ಕೊಕೊದಲ್ಲಿಯೂ ಇದೆ. ಬಿಸಿ ಸ್ಟೌಟ್‌ಗೇ ಸೋಡಾ ಹಾಕಿದರೆ ಪಾತ್ರೆಯಲ್ಲೇ ಬುರಬುರ ಎಂದು ಎಲ್ಲ ಮುಗಿದುಹೋಗುತ್ತದೆ. ನೋಡಲು ಚೆಂದ, ಕೇಕ್‌ಗೆ ಏನೂ ಉಳಿಯುವುದಿಲ್ಲ. ಹಿಟ್ಟು ಕಲಸಿ ಆದ ಮೇಲೆ ಯಂತ್ರ ಕಾಯಿಸಲು ಇಡುವುದೂ ಇದೇ ತಪ್ಪು. ಯಂತ್ರ ಕಾದಿರಲಿ, ಟಿನ್‌ಗೆ ಬೆಣ್ಣೆ ಸವರಿರಲಿ, ಆಮೇಲೆ ಮೈದಾ ಸೇರಿಸಿ. ಮೈದಾ ಬಿದ್ದ ಹತ್ತು ನಿಮಿಷದೊಳಗೆ ಟಿನ್ ಒಳಗಿರಬೇಕು.

ಕೊಕೊ ಯಾವುದು ಎಂಬುದನ್ನೂ ಪರೀಕ್ಷಿಸಿ. ಸಾದಾ ಕೊಕೊ ಹುಳಿ ಗುಣದ್ದು, ತುಸು ಕೆಂಪು ಕಂದು ಬಣ್ಣ. ಕ್ಷಾರದಿಂದ ಸಂಸ್ಕರಿಸಿದ, ಡಚ್ ಎಂದು ಕರೆಯುವ ಕೊಕೊ ಗಾಢ ಬಣ್ಣದ್ದು, ಅದರಲ್ಲಿ ಹುಳಿ ಇಲ್ಲವೆನ್ನುವಷ್ಟು ಕಡಿಮೆ. ಡಬ್ಬಿಯ ಮೇಲೆ ಬರೆದಿಲ್ಲದಿದ್ದರೆ ಒಂದು ಚಮಚ ಕೊಕೊವನ್ನು ಬಿಸಿ ನೀರಿನಲ್ಲಿ ಕಲಸಿ ಚಿಟಿಕೆ ಸೋಡಾ ಹಾಕಿ. ಗುಳ್ಳೆ ಎದ್ದರೆ ಸಾದಾ. ಏನೂ ಆಗದಿದ್ದರೆ ಸಂಸ್ಕರಿಸಿದ್ದು, ಅದಕ್ಕೆ ಸೋಡಾ ಕಾಲು ಚಮಚಕ್ಕೆ ಇಳಿಸಿ ಬೇಕಿಂಗ್ ಪೌಡರ್ ಮುಕ್ಕಾಲು ಚಮಚಕ್ಕೆ ಏರಿಸಿ.

ಸೋಡಾದ ಡಬ್ಬಿ ಬಹಳ ದಿನದ್ದಾದರೆ ಅದಕ್ಕೆ ಎರಡು ಹನಿ ವಿನೆಗರ್, ಬೇಕಿಂಗ್ ಪೌಡರ್‌ಗೆ ಬಿಸಿ ನೀರು. ಜೋರಾಗಿ ನೊರೆ ಬರದಿದ್ದರೆ ಹೊಸದು ತನ್ನಿ.

ಗುಡ್ಡದಂತೆ ಎದ್ದು ಬಿರಿದಿದೆ, ಅಥವಾ ಒಂದೇ ಕಡೆ ವಾಲಿದೆ

ಗುಡ್ಡ ಮತ್ತು ಬಿರುಕು ಅವಸರದ ಬಿಸಿಯ ಗುರುತು. ಅಂಚು, ಮೇಲ್ಮೈ ಗಟ್ಟಿಯಾದ ಮೇಲೆ ಒಳಗಿನ ಹಿಟ್ಟು ಉಬ್ಬಿ ದಾರಿ ಮಾಡಿಕೊಂಡಿದೆ. 10 ಡಿಗ್ರಿ ಇಳಿಸಿ, ಫಾಯಿಲ್ ಬಿಗಿಯಾಗಿತ್ತೇ ನೋಡಿ. ರುಚಿಗೆ ಇದರಿಂದ ನಷ್ಟವಿಲ್ಲ, ಮೇಲೆ ಕ್ರೀಮ್ ಹಚ್ಚುವುದಾದರೆ ಗುಡ್ಡ ಕತ್ತರಿಸಿ ಮಟ್ಟ ಮಾಡಿದರೆ ಸಾಕು.

ವಾಲಿದ್ದರೆ ಬೇರೆ ಹುಡುಕಾಟ. ಯಂತ್ರ ಸಮನಾದ ಜಾಗದಲ್ಲಿದೆಯೇ ಎಂದು ಮೊದಲು ನೋಡಿ. ಸಮ ಇದ್ದರೆ ಗಾಳಿ ಒಂದು ಕಡೆ ಜೋರಾಗಿ ಬೀಸುತ್ತಿದೆ. ಅದನ್ನು ತಿಳಿಯಲು ಬ್ರೆಡ್ ಪರೀಕ್ಷೆ ಇದೆ. ಬುಟ್ಟಿಯ ತಳ ತುಂಬ ಬ್ರೆಡ್ ಹಾಸಿ, ಹಾರದಂತೆ ಮೇಲೆ ಲೋಹದ ಸ್ಟ್ಯಾಂಡ್ ಇಟ್ಟು, 180 ಡಿಗ್ರಿಯಲ್ಲಿ ನಾಲ್ಕು ನಿಮಿಷ ಬಿಡಿ. ನನ್ನ ಯಂತ್ರದಲ್ಲಿ ಹಿಂದಿನ ಎಡಮೂಲೆಯ ಬ್ರೆಡ್ ಕಂದು ಬಣ್ಣಕ್ಕೆ ತಿರುಗಿತ್ತು, ಮುಂದಿನ ಬಲಮೂಲೆ ಬೆಳ್ಳಗೇ ಇತ್ತು. ಅಂದಿನಿಂದ ಫಾಯಿಲ್ ತೆಗೆಯುವ ಹೊತ್ತಿಗೆ ಟಿನ್ನನ್ನು ಅರ್ಧ ಸುತ್ತು ತಿರುಗಿಸುತ್ತೇನೆ. ವಾಲುವುದು ನಿಂತಿತು.

ತಳದಲ್ಲಿ ಜಿಗುಟು ಪದರ

ಕೇಕ್ ಪೂರ್ತಿ ಬೆಂದಿದೆ, ಕಡ್ಡಿ ಸರಿಯಾಗಿಯೇ ಹೇಳಿದೆ, ಆದರೂ ಕೆಳಗಿನ ಅರ್ಧ ಸೆಂ.ಮೀ. ಒತ್ತಾಗಿ, ತೇವವಾಗಿ, ಚಾಕುವಿಗೆ ಅಂಟುತ್ತದೆ. ಈ ಪದರದ ಮೇಲಿನ ಗೆರೆ ಹೇಗಿದೆ ಎಂದು ನೋಡಿ. ನೇರವಾದ, ಚೂಪಾದ ಗೆರೆ ಇದ್ದರೆ ಹಿಟ್ಟು ಸರಿಯಾಗಿ ಬೆರೆತಿಲ್ಲ: ಬೆಣ್ಣೆ, ಸ್ಟೌಟ್ ಬೇರ್ಪಟ್ಟು ಭಾರದ ಭಾಗ ಕೆಳಗಿಳಿದಿದೆ. ತಣ್ಣನೆಯ ಮೊಸರನ್ನು ಫ್ರಿಜ್‌ನಿಂದ ತೆಗೆದು ನೇರ ಹಾಕಿದಾಗ ಬೆಣ್ಣೆ ಸಣ್ಣ ಸಣ್ಣ ಹರಳಾಗಿ ಹೀಗಾಗುತ್ತದೆ. ಮೊಸರು, ಮೊಟ್ಟೆ ಎರಡೂ ಅಡುಗೆಮನೆಯ ಬಿಸಿಗೆ ಬಂದಿರಲಿ.

ಗೆರೆ ಇಲ್ಲದೆ ಮೇಲಿನಿಂದ ಕೆಳಗೆ ಬರುತ್ತಾ ನಿಧಾನವಾಗಿ ಒತ್ತಾಗುತ್ತಿದ್ದರೆ ತಳಕ್ಕೆ ಬಿಸಿ ಸಾಲದು. ಟಿನ್ನನ್ನು ಬುಟ್ಟಿಯ ತಳದ ಮೇಲೆ ನೇರ ಇಡದೆ ಗಿಡ್ಡ ಲೋಹದ ಸ್ಟ್ಯಾಂಡ್ ಮೇಲೆ ಇಡಿ, ಅಡಿಯಲ್ಲಿ ಗಾಳಿ ಓಡಾಡಲಿ. ಗಾಜು, ಸಿಲಿಕೋನ್ ಅಚ್ಚುಗಳು ಬಿಸಿಯನ್ನು ನಿಧಾನವಾಗಿ ಒಯ್ಯುತ್ತವೆ. ಮೇಲಿನಿಂದಲೇ ಬಿಸಿ ಬರುವ ಯಂತ್ರದಲ್ಲಿ ಆ ನಿಧಾನ ಇನ್ನೂ ಎದ್ದು ಕಾಣುತ್ತದೆ. ತೆಳು ಅಲ್ಯುಮಿನಿಯಂ ಟಿನ್ ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ.

ಬೆಂದ ಕೇಕನ್ನು ಟಿನ್‌ನಲ್ಲೇ ಪೂರ್ತಿ ಆರಲು ಬಿಟ್ಟರೂ ಹಬೆ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ಕಾದು, ಅಂಚಿಗೆ ಚಾಕು ಆಡಿಸಿ, ಜಾಲರಿಯ ಮೇಲೆ ಮಗುಚಿ. ಅದಕ್ಕೂ ಮೊದಲೇ ಮಗುಚಿದರೆ ಒಡೆಯುತ್ತದೆ.

ರುಚಿಯ ದೋಷಗಳು

ಕಣ್ಣಿಗೆ ಚೆನ್ನಾಗಿರುವ ಕೇಕ್ ಬಾಯಿಗೆ ಕೆಟ್ಟಿರುವುದು ಬೇಸರದ ಸಂಗತಿ. ಕಹಿ ಎಂದು ಸುಮ್ಮನೆ ಹೇಳಿದರೆ ದಾರಿ ಸಿಗುವುದಿಲ್ಲ. ಎಂಥ ಕಹಿ ಎಂದು ನಾಲಿಗೆಯನ್ನು ಕೇಳಬೇಕು. ಒಂದು ತುಂಡನ್ನು ಮೇಲ್ಪದರ ತೆಗೆದು ತಿನ್ನಿ, ಮೇಲ್ಪದರವನ್ನು ಬೇರೆಯಾಗಿ ತಿನ್ನಿ. ಕಹಿ ಮೇಲ್ಪದರದಲ್ಲಿ ಮಾತ್ರ ಇದ್ದರೆ ಅದು ಸುಟ್ಟದ್ದು, ಸ್ಟೌಟನ್ನು ದೂರಬೇಡಿ.

ಒಳಗೂ ಇದ್ದು, ನಾಲಿಗೆಯ ಹಿಂಭಾಗದಲ್ಲಿ ಬಹಳ ಹೊತ್ತು ನಿಲ್ಲುವ ಕಹಿಯಾದರೆ ಅದು ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಮತ್ತು ಹುರಿದ ಬಾರ್ಲಿಯದು. ಸ್ಟೌಟನ್ನು ಕುದಿಸಿ ಬತ್ತಿಸಿದರೆ ಪರಿಮಳ ಹೆಚ್ಚುತ್ತದೆ ಎಂದು ನಾನೂ ನಂಬಿದ್ದೆ. ಆಗುವುದು ತಿರುವುಮುರುವು. ಹಗುರವಾದ ಪರಿಮಳ ಹಬೆಯೊಡನೆ ಹೋಗುತ್ತದೆ, ಕಹಿ ಹಾರದೆ ಪಾತ್ರೆಯಲ್ಲೇ ಉಳಿದು ಗಾಢವಾಗುತ್ತದೆ. ಕುದಿಸಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ಸ್ಟೌಟ್‌ನಲ್ಲೂ ಬಗೆಗಳಿವೆ. ಡ್ರೈ ಸ್ಟೌಟ್‌ನಲ್ಲಿ ಹುರಿದ ಬಾರ್ಲಿಯ ಕಾಫಿಯಂಥ ಕಹಿ ಮುಂದಿರುತ್ತದೆ, ಮದ್ಯಾಂಶ ಸಾಮಾನ್ಯವಾಗಿ ಶೇ. 4ರಿಂದ 5ರ ಆಸುಪಾಸು. ಮಿಲ್ಕ್ ಸ್ಟೌಟ್‌ಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಸೇರಿಸಿರುತ್ತಾರೆ. ಬಿಯರ್‌ನ ಯೀಸ್ಟ್ ಅದನ್ನು ತಿನ್ನಲಾರದು, ಹಾಗಾಗಿ ಸಿಹಿ ಉಳಿಯುತ್ತದೆ. ಕಹಿ ಇಷ್ಟವಿಲ್ಲದವರಿಗೆ ಇದೇ ಸರಿ. ಆದರೆ ಲ್ಯಾಕ್ಟೋಸ್ ಬೇಗ ಕಂದಾಗುವ ಸಕ್ಕರೆ, ಫಾಯಿಲ್ ತೆಗೆದ ಮೇಲೆ ಹೆಚ್ಚು ಎಚ್ಚರ ಬೇಕು. ಇಂಪೀರಿಯಲ್ ಸ್ಟೌಟ್ ಮದ್ಯಾಂಶದಲ್ಲೂ ಕಹಿಯಲ್ಲೂ ಜೋರು, ಅದನ್ನು ಬಳಸುವುದಾದರೆ ಅರ್ಧ ಸ್ಟೌಟ್, ಅರ್ಧ ನೀರು ಮಾಡಿ.

ಸೋಪಿನಂಥ, ಲೋಹದಂಥ ರುಚಿ ಬಂದರೆ ಸೋಡಾ ಹೆಚ್ಚಾಗಿದೆ. ಹುಳಿ ಸಿಗದೆ ಉಳಿದ ಸೋಡಾ ಬಿಸಿಗೆ ಸೋಡಿಯಂ ಕಾರ್ಬೋನೇಟ್ ಆಗುತ್ತದೆ, ಆ ರುಚಿ ಅದರದ್ದು. ಸಂಸ್ಕರಿಸಿದ ಕೊಕೊಗೆ ಸಾದಾ ಕೊಕೊದ ಅಳತೆಯ ಸೋಡಾ ಹಾಕಿದಾಗ ಇದು ಖಚಿತವಾಗಿ ಆಗುತ್ತದೆ.

ಸ್ಟೌಟ್‌ನ ರುಚಿಯೇ ಬರಲಿಲ್ಲ ಎಂಬ ದೂರೂ ಇದೆ. ಬಿಯರ್‌ನಂತೆ ರುಚಿಸಬೇಕು ಎಂದು ಕಾದರೆ ನಿರಾಸೆ ಆಗುತ್ತದೆ. ಸರಿಯಾಗಿ ಮಾಡಿದ ಕೇಕ್‌ನಲ್ಲಿ ಸ್ಟೌಟ್ ಕೊಕೊದ ಹಿಂದೆ ನಿಂತು ಅದನ್ನೇ ಗಾಢವಾಗಿಸುತ್ತದೆ. ಇನ್ನೂ ಮುಂದೆ ಬರಬೇಕೆಂದರೆ ದ್ರವ ಹೆಚ್ಚಿಸಬೇಡಿ, ಹಿಟ್ಟು ನೀರಾಗುತ್ತದೆ. ಕೇಕ್ ಬೆಚ್ಚಗಿರುವಾಗ ಮೇಲೆ ಕಡ್ಡಿಯಿಂದ ಚುಚ್ಚಿ, ಎರಡು ಚಮಚ ಸ್ಟೌಟ್‌ಗೆ ಒಂದು ಚಮಚ ಸಕ್ಕರೆ ಕರಗಿಸಿ ಸವರಿ.

ಇಲ್ಲಿ ಒಂದು ಮಾತು ಗಂಭೀರವಾಗಿ ಹೇಳಬೇಕು. ಬೇಯಿಸಿದರೆ ಮದ್ಯಾಂಶ ಪೂರ್ತಿ ಹೋಗುತ್ತದೆ ಎಂಬುದು ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಪದಾರ್ಥದೊಳಗೆ ಬೆರೆಸಿ ಅರ್ಧ ಗಂಟೆ ಬೇಯಿಸಿದ ಮೇಲೂ ಹಾಕಿದ ಮದ್ಯಾಂಶದ ಸುಮಾರು ಶೇ. 35 ಉಳಿದಿರುತ್ತದೆ, ಒಂದು ಗಂಟೆಯ ನಂತರ ಶೇ. 25. ಒಂದು ಹೋಳಿನಲ್ಲಿ ಬರುವುದು ಬಹಳ ಕಡಿಮೆ. ಆದರೂ ಮದ್ಯ ಮುಟ್ಟದವರಿಗೆ, ವೈದ್ಯರು ಬೇಡವೆಂದವರಿಗೆ, ಮಕ್ಕಳಿಗೆ ಕೊಡುವ ಮೊದಲು ಇದರಲ್ಲಿ ಏನಿದೆ ಎಂದು ಹೇಳಿಬಿಡಿ. ಅವರಿಗಾಗಿಯೇ ಮಾಡುವುದಾದರೆ ಸ್ಟೌಟ್ ಬದಲು 100 ಗ್ರಾಂ ಗಾಢ ಕಪ್ಪು ಕಾಫಿಗೆ ಅರ್ಧ ಟೀ ಚಮಚ ವಿನೆಗರ್ ಸೇರಿಸಿ. ಸೋಡಾಕ್ಕೆ ಬೇಕಾದ ಹುಳಿಯೂ ಸಿಗುತ್ತದೆ, ಹುರಿದ ಕಹಿಯೂ ಸಿಗುತ್ತದೆ.

ಒಣಗಿದೆ, ಅಂಚು ಗಟ್ಟಿ

ಹೆಚ್ಚು ಬೆಂದಿದೆ. ಅದಲ್ಲದಿದ್ದರೆ ಮೈದಾ ಹೆಚ್ಚಾಗಿದೆ, ಕಪ್‌ನಿಂದ ಒತ್ತಿ ತುಂಬಿದರೆ 20 ಗ್ರಾಂ ಸಲೀಸಾಗಿ ಹೆಚ್ಚು ಬೀಳುತ್ತದೆ. ಸೀಳಿದ ಮುಖದಲ್ಲಿ ಕೆಳಗಿನಿಂದ ಮೇಲಕ್ಕೆ ಹುಳು ಕೊರೆದಂಥ ಉದ್ದ ಸುರಂಗಗಳಿದ್ದರೆ ಮೈದಾ ಹಾಕಿದ ಮೇಲೆ ಬಹಳ ಹೊತ್ತು ಕಲಸಿದ್ದೀರಿ.

ಎಲ್ಲ ಸರಿ ಮಾಡಿದರೂ ಸರಿಯಾಗದಿದ್ದರೆ

ಆಗ ಯಂತ್ರವನ್ನು ಅನುಮಾನಿಸಿ. ಓವನ್ ಒಳಗಿಡುವ ಚಿಕ್ಕ ಥರ್ಮಾಮೀಟರ್ ಒಂದನ್ನು ಟಿನ್ ಇರುವ ಎತ್ತರದಲ್ಲೇ ನಿಲ್ಲಿಸಿ, 150ಕ್ಕೆ ಇಟ್ಟು ಹದಿನೈದು ನಿಮಿಷ ಖಾಲಿ ಓಡಿಸಿ. ಕಾಯಿಲ್ ಹತ್ತಿ ಆರಿ ಮಾಡುವುದರಿಂದ ಮುಳ್ಳು ಒಂದೇ ಕಡೆ ನಿಲ್ಲುವುದಿಲ್ಲ, ಮೇಲಿನ ಅಂಕಿ ಕೆಳಗಿನ ಅಂಕಿ ಎರಡನ್ನೂ ಬರೆದುಕೊಂಡು ಸರಾಸರಿ ತೆಗೆಯಿರಿ. ನನ್ನದು 150 ಎಂದು ತೋರಿಸುವಾಗ ಒಳಗೆ 168ರ ಹತ್ತಿರ ಇರುತ್ತಿತ್ತು. ನಾಲ್ಕು ಕೇಕ್ ಸುಟ್ಟ ಮೇಲೆ ಇದನ್ನು ಅಳೆದೆ, ಮೊದಲೇ ಅಳೆಯಬೇಕಿತ್ತು. ಈಗ 135ಕ್ಕೆ ಇಡುತ್ತೇನೆ, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕದಲ್ಲೇ ಅಂಟಿಸಿದ್ದೇನೆ.

ರುಚಿಯ ಬಗ್ಗೆ ಮಾತ್ರ ಅದೇ ದಿನ ತೀರ್ಮಾನ ಮಾಡಬೇಡಿ. ಬಿಸಿಯಲ್ಲಿ ಸ್ಟೌಟ್‌ನ ಕಹಿ ಎದ್ದು ಕಾಣುತ್ತದೆ, ತೇವ ಸಮನಾಗಿ ಹರಡಿರುವುದಿಲ್ಲ. ಆರಿದ ಕೇಕನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟು ಮರುದಿನ ಒಂದು ಹೋಳು ಕತ್ತರಿಸಿ. ಸೋಡಾ ಕಡಿಮೆ ಮಾಡಬೇಕೋ, ಸ್ಟೌಟ್ ಬದಲಿಸಬೇಕೋ ಎಂಬುದನ್ನು ಆ ಹೋಳು ತಿಂದ ಮೇಲೆ ಬರೆದುಕೊಳ್ಳಿ.